ಗಾಡಿ ಸೆಟ್ಟಿನಲ್ಲಿ ಕುಂಯ್ ಸದ್ದು, 7 ಮೆಗಾಹರ್ಟ್ಸ್‌ನಲ್ಲಿ ಎಸ್‌8 ಗಲಾಟೆ: ಎಲ್ಲಿಂದ ಶುರು ಮಾಡಲಿ?

ಘಾಟ್‌ರೋಡ್ (ಹಾಸನ)

ಎಲ್ಲರಿಗೂ ನಮಸ್ಕಾರ. ಹಳೇ ಪೆಟ್ರೋಲ್ ಕಾರು, ಒಳಗೆ ಎರಡು ಹ್ಯಾಮ್ ರೇಡಿಯೋ ಸೆಟ್. ಡ್ಯಾಶ್‌ಬೋರ್ಡ್ ಕೆಳಗೆ 2 ಮೀಟರ್ ಬ್ಯಾಂಡಿನ (ವಿಎಚ್‌ಎಫ್) 50 ವ್ಯಾಟ್ ಎಫ್‌ಎಂ ಸೆಟ್, ಅದಕ್ಕೆ ಟಾಪ್ ಮೇಲೆ ಮ್ಯಾಗ್ನೆಟ್ ಆಂಟೆನಾ. ಸೀಟಿನ ಕೆಳಗೆ 100 ವ್ಯಾಟಿನ ಎಚ್‌ಎಫ್ (ಶಾರ್ಟ್‌ವೇವ್) ಸೆಟ್, ಅದಕ್ಕೆ ಡಿಕ್ಕಿ ಅಂಚಿಗೆ ಕ್ಲಾಂಪ್ ಮಾಡಿದ ವಿಪ್ (ಕಡ್ಡಿ ಆಂಟೆನಾ). 40 ಮೀಟರ್ ಬ್ಯಾಂಡ್ (7 ಮೆಗಾಹರ್ಟ್ಸ್) ಮಾತ್ರ.

ತೊಂದರೆ ಎರಡು. 2 ಮೀಟರಿನಲ್ಲಿ ನಾನು ಮಾತಾಡಿದರೆ ದನಿಯ ಹಿಂದೆ ಕುಂಯ್ ಅಂತ ಸದ್ದು ಬರುತ್ತದೆ ಅಂತ ರಿಪೀಟರಿನಲ್ಲಿ (ನಮ್ಮ ಸಿಗ್ನಲ್ ಹಿಡಿದು ಮತ್ತೆ ಕಳಿಸುವ ಸ್ಟೇಷನ್) ಎಲ್ಲರೂ ಹೇಳುತ್ತಾರೆ. ಆಕ್ಸಿಲರೇಟರ್ ಒತ್ತಿದರೆ ಸದ್ದೂ ಏರುತ್ತದಂತೆ. ನನ್ನ ಸ್ಪೀಕರಿನಲ್ಲಿ ಅಷ್ಟಾಗಿ ಕೇಳುವುದಿಲ್ಲ. ಇನ್ನೊಂದು, 7 ಮೆಗಾಹರ್ಟ್ಸ್‌ನಲ್ಲಿ ಎಂಜಿನ್ ಶುರು ಮಾಡಿದ ಕೂಡಲೇ ಸಿಗ್ನಲ್ ಎಷ್ಟು ಜೋರು ಅಂತ ತೋರಿಸುವ ಎಸ್‌ ಮೀಟರ್ ಎಸ್‌8ಕ್ಕೆ ಹೋಗಿ ಕೂರುತ್ತದೆ. ಎಂಜಿನ್ ನಿಲ್ಲಿಸಿ ಕೀ ತೆಗೆದರೆ ಎಸ್‌3.

2 ಮೀಟರ್ ಸೆಟ್ಟಿಗೆ ಕರೆಂಟು ಸಿಗರೇಟ್ ಲೈಟರ್ ಸಾಕೆಟ್ಟಿನ ಹಿಂದಿನಿಂದ. ಆಕ್ಸೆಸರಿ ಅಂಗಡಿಯವರು ಹಾಗೆ ಎಳೆದು ಕೊಟ್ಟಿದ್ದಾರೆ. ಎಚ್‌ಎಫ್‌ಗೆ ಬ್ಯಾಟರಿಯಿಂದಲೇ ದಪ್ಪ ವೈರ್. ಈಗ ಅದೇ ಅಂಗಡಿಯವರು ‘ನಾಯ್ಸ್ ಫಿಲ್ಟರ್’ ಅಂತ ಒಂದು ಡಬ್ಬಿ ಹಾಕಿಸಿಕೊಳ್ಳಿ ಅಂತಿದ್ದಾರೆ. ತಗೊಳ್ಳಲಾ?

ಜೀರೋಬೀಟ್ (ಬೆಂಗಳೂರು)

ಸದ್ಯಕ್ಕೆ ಬೇಡ. ನಿಮ್ಮ ಎರಡು ತೊಂದರೆಗೂ ಒಂದಕ್ಕೊಂದು ಸಂಬಂಧ ಇರಲಿಕ್ಕಿಲ್ಲ. ಮೊದಲು ಸದ್ದು ಯಾವ ದಾರಿಯಲ್ಲಿ ಒಳಗೆ ಬರುತ್ತಿದೆ ಅಂತ ನೋಡಿ. ಆಂಟೆನಾದಿಂದಲೋ, ಕರೆಂಟಿನ ವೈರಿನಿಂದಲೋ?

ಗಾಡಿ ನಿಲ್ಲಿಸಿ, ಎಂಜಿನ್ ಓಡಲಿ. ಎಚ್‌ಎಫ್ ಸೆಟ್ಟಿನ ಹಿಂದಿನಿಂದ ಆಂಟೆನಾ ಪ್ಲಗ್ ಬಿಚ್ಚಿ, 50 ಓಮ್‌ನ ಡಮ್ಮಿ ಲೋಡ್ (ಆಂಟೆನಾ ಬದಲು ಹಾಕುವ ರೆಸಿಸ್ಟರ್) ಹಾಕಿ. ಸದ್ದು ಪೂರ್ತಿ ಹೋದರೆ ಅದು ಆಂಟೆನಾ ದಾರಿಯಲ್ಲಿ ಬರುತ್ತಿತ್ತು. ಆಗ ಕರೆಂಟಿನ ಲೈನಿಗೆ ಎಷ್ಟು ದುಬಾರಿ ಫಿಲ್ಟರ್ ಹಾಕಿದರೂ ಉಪಯೋಗವಿಲ್ಲ. ಸದ್ದು ಹಾಗೇ ಉಳಿದರೆ ವೈರಿನ ದಾರಿ. ಖಾತ್ರಿ ಮಾಡಿಕೊಳ್ಳಲು ಸೆಟ್ಟನ್ನು ಬೇರೆ 12 ವೋಲ್ಟ್ ಬ್ಯಾಟರಿಯಿಂದ ಓಡಿಸಿ ನೋಡಿ. ಯುಪಿಎಸ್ಸಿನ 7 ಆಂಪ್-ಅವರ್ ಬ್ಯಾಟರಿ ಸಾಕು, ಕೇಳುವುದಕ್ಕೆ ತಾನೇ. ಆಂಟೆನಾ ಬಿಚ್ಚಿದ್ದಾಗ ಅಪ್ಪಿತಪ್ಪಿಯೂ ಪಿಟಿಟಿ (ಮಾತಾಡುವಾಗ ಒತ್ತುವ ಬಟನ್) ಒತ್ತಬೇಡಿ.

ಆಮೇಲೆ ಕೀ ಒಂದೊಂದೇ ಹಂತ ತಿರುಗಿಸಿ. ಆಫ್, ಎಸಿಸಿ (ಆಕ್ಸೆಸರಿ), ಆನ್, ಸ್ಟಾರ್ಟ್. ಪ್ರತಿ ಹಂತದಲ್ಲೂ ಮೀಟರ್ ಎಷ್ಟಿದೆ, ಸದ್ದು ಹೇಗಿದೆ ಅಂತ ಬರೆದಿಡಿ. ಎಸ್‌ ಮೀಟರಿನ ಒಂದು ಮನೆ ಅಂದರೆ 6 ಡಿಬಿ. ಎಸ್‌3ರಿಂದ ಎಸ್‌8 ಅಂದರೆ 30 ಡಿಬಿ, ಪವರಿನಲ್ಲಿ ಸಾವಿರ ಪಟ್ಟು. ಇಷ್ಟೊಂದು ಗಲಾಟೆ ಒಂದೇ ಕಡೆಯಿಂದ ಬರುವುದು ಅಪರೂಪ. ದೊಡ್ಡದನ್ನು ನಿಲ್ಲಿಸುವವರೆಗೂ ಅದರ ಹಿಂದಿರುವ ಚಿಕ್ಕದು ಕೇಳುವುದಿಲ್ಲ.

ವೈರ್‌ಲೆಸ್ ಶಾಪ್ (ಮೈಸೂರು)

ಕುಂಯ್ ಸದ್ದು ಡೈನಮೋದ್ದೇ (ಆಲ್ಟರ್ನೇಟರ್). ಅದರಲ್ಲಿ ಅನುಮಾನ ಬೇಡ. ಜೀಪು, ಆಂಬುಲೆನ್ಸುಗಳಿಗೆ ವೈರ್‌ಲೆಸ್ ಸೆಟ್ ಕೂರಿಸುವುದೇ ನನ್ನ ಕೆಲಸ. ಹತ್ತರಲ್ಲಿ ಎಂಟು ಗಾಡಿಯಲ್ಲಿ ಇದೇ ಕಥೆ.

ಡೈನಮೋ ಒಳಗೆ ಮೂರು ಫೇಸ್ ಎಸಿ ಹುಟ್ಟುತ್ತದೆ, ಆರು ಡಯೋಡ್ ಅದನ್ನು ಡಿಸಿ ಮಾಡುತ್ತವೆ. ಆದರೆ ಅದು ನೀಟಾದ ಡಿಸಿ ಅಲ್ಲ, ಮೇಲೆ ಸಣ್ಣ ಅಲೆ ಉಳಿದಿರುತ್ತದೆ. ಲೆಕ್ಕ ನೋಡಿ. 12 ಪೋಲಿನ ಡೈನಮೋ ಒಂದು ಸುತ್ತಿಗೆ 36 ಅಲೆ ಕೊಡುತ್ತದೆ. ಎಂಜಿನ್ 800 ಆರ್‌ಪಿಎಂ ಇದ್ದಾಗ ಪುಲ್ಲಿಯ ಲೆಕ್ಕದಲ್ಲಿ ಡೈನಮೋ 2000 ಸುತ್ತುತ್ತದೆ ಅಂದುಕೊಳ್ಳಿ. ಸೆಕೆಂಡಿಗೆ 33 ಸುತ್ತು, ಅಂದರೆ 1200 ಹರ್ಟ್ಸ್. ಎಂಜಿನ್ 2000ಕ್ಕೆ ಹೋದರೆ 3000 ಹರ್ಟ್ಸ್. ಸರಿಯಾಗಿ ಮಾತಿನ ಬ್ಯಾಂಡಿನ ಒಳಗೇ. ಅದಕ್ಕೇ ರಿಪೀಟರಿನಲ್ಲಿ ಎಲ್ಲರಿಗೂ ಕೇಳುತ್ತಿದೆ.

ಬ್ಯಾಟರಿಯೇ ದೊಡ್ಡ ಫಿಲ್ಟರ್. ಈ ಅಲೆಯನ್ನು ಅದು ನುಂಗುತ್ತದೆ. ಆದರೆ ನೀವು ಕರೆಂಟು ತಗೊಂಡಿರುವುದು ಬ್ಯಾಟರಿಯಿಂದ ದೂರ, ಸಣ್ಣ ವೈರಿನ ತುದಿಯಲ್ಲಿ. 50 ವ್ಯಾಟಿನ ಸೆಟ್ ಪಿಟಿಟಿ ಒತ್ತಿದಾಗ 10 ಆಂಪ್ ಮೇಲೆ ಎಳೆಯುತ್ತದೆ. 1 ಸ್ಕ್ವೇರ್ ಎಂಎಂ ವೈರ್ ಆದರೆ 3 ಮೀಟರಿಗೇ ಅರ್ಧ ವೋಲ್ಟ್ ಹೋಯಿತು. ಅದೇ ವೈರಿನಲ್ಲಿ ಬ್ಲೋವರ್, ಸ್ಟೀರಿಯೋ ಎಲ್ಲದರ ಕರೆಂಟೂ ಓಡುತ್ತಿದ್ದರೆ ಅವುಗಳ ಸದ್ದೂ ಸೇರುತ್ತದೆ.

ಮಾಡಬೇಕಾದ್ದು: ಬ್ಯಾಟರಿ ಪ್ಲಸ್ಸಿನಿಂದ ನೇರ 4 ಸ್ಕ್ವೇರ್ ವೈರ್, ಬ್ಯಾಟರಿಯಿಂದ ಗೇಣುದ್ದದ ಒಳಗೇ 15 ಆಂಪ್ ಫ್ಯೂಸ್. ಪ್ಲಸ್, ಮೈನಸ್ ಎರಡನ್ನೂ ಜಡೆ ಹೆಣೆದ ಹಾಗೆ ಒಟ್ಟಿಗೆ ತಿರುಚಿ ತನ್ನಿ. ಇಗ್ನಿಷನ್ ಕಾಯಿಲ್, ಇಂಜೆಕ್ಟರ್ ವೈರುಗಳ ಜೊತೆ ಒಂದೇ ಕೊಳವೆಯಲ್ಲಿ ತೂರಿಸಬೇಡಿ.

ಅದಕ್ಕೂ ಮುಂಚೆ ಡಯೋಡ್ ಚೆಕ್ ಮಾಡಿ. ಎಂಜಿನ್ ಓಡಲಿ, ಹೆಡ್‌ಲೈಟ್ ಹಾಕಿ, ಮಲ್ಟಿಮೀಟರನ್ನು ಎಸಿ ರೇಂಜಿಗೆ ಇಟ್ಟು ಬ್ಯಾಟರಿ ಟರ್ಮಿನಲ್ಲಿಗೆ ಹಿಡಿಯಿರಿ. 0.1 ವೋಲ್ಟ್ ಒಳಗಿದ್ದರೆ ಚೆನ್ನಾಗಿದೆ. ಅರ್ಧ ವೋಲ್ಟ್ ದಾಟಿದರೆ ಡಯೋಡ್ ಹೋಗಿದೆ, ಮೊದಲು ಡೈನಮೋ ರಿಪೇರಿ. ಕಡಿಮೆ ಬೆಲೆಯ ಕೆಲವು ಮೀಟರ್ 28 ಅಂತ ಏನೇನೋ ತೋರಿಸುತ್ತವೆ, ಗಾಬರಿ ಆಗಬೇಡಿ. ಅವು ಡಿಸಿಯನ್ನು ತಡೆಯುವುದಿಲ್ಲ. ಪ್ಲಸ್ ಪ್ರೋಬಿಗೆ 1 ಮೈಕ್ರೋಫ್ಯಾರಡ್ ಪ್ಲಾಸ್ಟಿಕ್ ಕೆಪಾಸಿಟರ್ ಸೀರೀಸಲ್ಲಿ ಹಾಕಿದರೆ ಸರಿಯಾಗಿ ತೋರಿಸುತ್ತವೆ.

ಇಸಿಯು ಅಕ್ಕ (ಬೆಂಗಳೂರು)

ಮೇಲಿನವರು ಹೇಳಿದ್ದೆಲ್ಲ ಸರಿ. ಮೈನಸ್ ವೈರಿನ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ನಾನು ಕಾರಿನ ಎಲೆಕ್ಟ್ರಿಕಲ್ ವಿಭಾಗದಲ್ಲೇ ಕೆಲಸ ಮಾಡುವವಳು.

ಈಚಿನ ಗಾಡಿಗಳಲ್ಲಿ ಬ್ಯಾಟರಿ ಮೈನಸ್ ಟರ್ಮಿನಲ್ ಮೇಲೆ ಪುಟ್ಟ ಸೆನ್ಸರ್ ಇರುತ್ತದೆ. ಬ್ಯಾಟರಿಗೆ ಎಷ್ಟು ಕರೆಂಟು ಹೋಯಿತು, ಎಷ್ಟು ಬಂತು ಅಂತ ಅದು ಎಣಿಸುತ್ತದೆ. ಸೆಟ್ಟಿನ ಮೈನಸ್ಸನ್ನು ನೇರ ಟರ್ಮಿನಲ್ಲಿಗೆ ಕೊಟ್ಟರೆ ಆ ಕರೆಂಟು ಸೆನ್ಸರಿನ ಲೆಕ್ಕಕ್ಕೆ ಸಿಗುವುದಿಲ್ಲ. ಚಾರ್ಜಿಂಗ್ ಲೆಕ್ಕ ತಪ್ಪುತ್ತದೆ. ಅಂಥ ಗಾಡಿಯಲ್ಲಿ ಬ್ಯಾಟರಿಯ ಮೈನಸ್ ಕೇಬಲ್ ಬಾಡಿಗೆ ಸೇರುವ ಬೋಲ್ಟ್ ಹತ್ತಿರವೇ ಸೆಟ್ಟಿನ ಮೈನಸ್ಸನ್ನೂ ಕೊಡಿ.

ಸೆನ್ಸರ್ ಇಲ್ಲದ ಹಳೇ ಗಾಡಿಯಲ್ಲೂ ಬಾಡಿಯ ಆ ಜಾಗವೇ ಒಳ್ಳೆಯದು. ಕಾರಣ ಹೇಳುತ್ತೇನೆ. ಎಂಜಿನ್ನಿಗೂ ಬಾಡಿಗೂ ಒಂದು ಅರ್ಥ್ ಪಟ್ಟಿ ಇರುತ್ತದೆ, ಬ್ಯಾಟರಿಗೂ ಒಂದು. ಬ್ಯಾಟರಿಯ ಕಡೆಯದು ತುಕ್ಕು ಹಿಡಿದು ಕೈಕೊಟ್ಟಿತು ಅನ್ನಿ. ನೀವು ಸೆಲ್ಫ್ ಹೊಡೆದಾಗ ಸ್ಟಾರ್ಟರಿನ ನೂರಾರು ಆಂಪ್ ವಾಪಸ್ ಹೋಗಲು ದಾರಿ ಹುಡುಕುತ್ತದೆ. ಬಾಡಿಯಿಂದ ಆಂಟೆನಾ ಕೇಬಲ್ಲಿನ ಹೊರಗಿನ ಜಾಲರಿ, ಅಲ್ಲಿಂದ ಸೆಟ್ಟಿನ ಕವಚ, ಅಲ್ಲಿಂದ ಸೆಟ್ಟಿನ ಮೈನಸ್ ವೈರ್, ಅಲ್ಲಿಂದ ಬ್ಯಾಟರಿ. ವೈರ್ ಸುಟ್ಟು ಹೋಗುತ್ತದೆ, ಜೊತೆಗೆ ಸೆಟ್ಟೂ. ಹಿಂದೆ ಮೈನಸ್ಸಿಗೂ ಫ್ಯೂಸ್ ಹಾಕಿ ಅನ್ನುತ್ತಿದ್ದದ್ದು ಇದಕ್ಕೇ. ಟರ್ಮಿನಲ್ಲಿಗೇ ಕೊಡುವುದಾದರೆ ಆ ಫ್ಯೂಸ್ ಬಿಡಬೇಡಿ.

ಗುಡ್ಡದ ಗಾಳಿ (ಧಾರವಾಡ)

ಇಷ್ಟೆಲ್ಲಾ ಯಾಕ್ರೀ? ನಮ್ಮ ಹಳೇ ಜೀಪಿಗೆ ಕಾಯಿಲ್ ಮೇಲೊಂದು ಕಂಡೆನ್ಸರ್ (ಕೆಪಾಸಿಟರ್), ಡೈನಮೋ ಮೇಲೊಂದು ಕಂಡೆನ್ಸರ್ ಕೂರಿಸಿದೆವು. ಸದ್ದು ಬಂದ್. ಸುಮ್ನೆ ಕಂಡೆನ್ಸರ್ ಹಾಕಿ ನೋಡ್ರಿ.

ಇಸಿಯು ಅಕ್ಕ (ಬೆಂಗಳೂರು)

ಇಗ್ನಿಷನ್ ಪಾಯಿಂಟ್ ಇರುವ ಹಳೇ ಜೀಪಿಗೆ ಅದು ಸರಿಯಾದ ಮದ್ದೇ. ಕಾಯಿಲ್ಲಿನ ಬ್ಯಾಟರಿ ಕಡೆಯ ಟರ್ಮಿನಲ್ಲಿಗೆ, ಡೈನಮೋದ ದಪ್ಪ ಔಟ್‌ಪುಟ್ ಟರ್ಮಿನಲ್ಲಿಗೆ 0.5 ಮೈಕ್ರೋಫ್ಯಾರಡಿನ ಕೋಆಕ್ಸಿಯಲ್ ಕೆಪಾಸಿಟರ್ ಹಾಕುವುದು ಹಳೇ ಪದ್ಧತಿ. ಆದರೆ ಡೈನಮೋದ ಫೀಲ್ಡ್ ವೈರಿಗೆ ಯಾವತ್ತೂ ಬೇಡ, ರೆಗ್ಯುಲೇಟರ್ ಕೆಡುತ್ತದೆ. ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಇರುವ ಗಾಡಿಯಲ್ಲಿ ಇಂಜೆಕ್ಟರ್, ಸೆನ್ಸರ್, ಕಾಯಿಲ್ ಟ್ರಿಗರ್ ವೈರುಗಳನ್ನು ಮುಟ್ಟಲೇಬೇಡಿ. ಅಲ್ಲಿ ಕೆಪಾಸಿಟರ್ ಹಾಕಿದರೆ ಸದ್ದು ಹೋಗುತ್ತದೋ ಇಲ್ಲವೋ, ಎಂಜಿನ್ ಮಿಸ್ ಹೊಡೆಯುವುದಂತೂ ಗ್ಯಾರಂಟಿ.

ಗುಡ್ಡದ ಗಾಳಿ (ಧಾರವಾಡ)

ಒಪ್ಪಿದೆ ಮೇಡಂ. ನಮ್ಮ ಜೀಪಿನಲ್ಲಿ ಇಸಿಯು ಅನ್ನೋದೇ ಇಲ್ಲ, ಅದೇ ಅದರ ಪುಣ್ಯ.

ಘಾಟ್‌ರೋಡ್ (ಹಾಸನ)

ಮಾಡಿ ನೋಡಿದ್ದನ್ನು ಹೇಳುತ್ತೇನೆ.

ಬ್ಯಾಟರಿಯಲ್ಲಿ ಎಸಿ 0.04 ವೋಲ್ಟ್. ಡಯೋಡ್ ಚೆನ್ನಾಗಿದೆ. 2 ಮೀಟರ್ ಸೆಟ್ಟಿಗೆ ನೇರ ವೈರ್ ಎಳೆದೆ, ಮೈನಸ್ಸನ್ನು ಬಾಡಿ ಬೋಲ್ಟಿಗೆ ಕೊಟ್ಟೆ. ಅಲ್ಲಿ ಪೇಂಟ್ ಮೇಲೇ ಲಗ್ ಕೂತಿತ್ತು. ಉಪ್ಪು ಕಾಗದದಿಂದ ತಿಕ್ಕಿ ಬಿಳಿ ಲೋಹ ಕಾಣಿಸಿ, ಸ್ಟಾರ್ ವಾಶರ್ ಹಾಕಿ ಬಿಗಿ ಮಾಡಿದೆ. ಕುಂಯ್ ಸದ್ದು ಹೋಯಿತು. ಹಾಸನದ ಗೆಳೆಯರು ಸಿಂಪ್ಲೆಕ್ಸಿನಲ್ಲಿ (ರಿಪೀಟರ್ ಇಲ್ಲದೆ ನೇರ) ಕೇಳಿ, ಈಗ ಎಂಜಿನ್ ಆನ್ ಇದೆಯೋ ಆಫೋ ಗೊತ್ತಾಗುತ್ತಿಲ್ಲ ಅಂದರು.

ಎಚ್‌ಎಫ್ ಮಾತ್ರ ಹಾಗೇ ಇದೆ. ಆಂಟೆನಾ ತೆಗೆದು ಡಮ್ಮಿ ಲೋಡ್ ಹಾಕಿದರೆ ಪೂರ್ತಿ ಸೈಲೆಂಟ್. ಅಂದರೆ ಆಂಟೆನಾ ದಾರಿ. ಕೀ ಹಂತಗಳು ಹೀಗಿವೆ: ಆಫ್‌ನಲ್ಲಿ ಎಸ್‌3. ಎಸಿಸಿಯಲ್ಲೇ ಎಸ್‌7. ಆನ್ ಮಾಡಿದರೆ ಗುಂಯ್ ಅಂತ ಎರಡು ಮೂರು ಸೆಕೆಂಡ್ ಇನ್ನೂ ಸ್ವಲ್ಪ ಜಾಸ್ತಿ, ಆಮೇಲೆ ಮತ್ತೆ ಎಸ್‌7. ಎಂಜಿನ್ ಓಡಿದಾಗ ಎಸ್‌8.

ಜೀರೋಬೀಟ್ (ಬೆಂಗಳೂರು)

ಬಹಳ ಚೆನ್ನಾಗಿ ನೋಡಿದ್ದೀರಿ. ಎಸಿಸಿಯಲ್ಲೇ ಎಸ್‌7 ಅಂದರೆ ದೊಡ್ಡ ಕಳ್ಳ ಎಂಜಿನ್ನಿನಲ್ಲಿ ಇಲ್ಲ. ಎಸಿಸಿಯಲ್ಲಿ ಏನೇನು ಓಡುತ್ತದೆ? ಸ್ಟೀರಿಯೋ, ಫೋನ್ ಚಾರ್ಜರ್, ಡ್ಯಾಶ್‌ಕ್ಯಾಮ್, ಜಿಪಿಎಸ್ ಟ್ರ್ಯಾಕರ್? ಹೊರಗಿನಿಂದ ಹಾಕಿಸಿದ್ದು ಏನೇನಿದೆ ಹೇಳಿ. ಆನ್ ಮಾಡಿದಾಗಿನ ಗುಂಯ್ ಪೆಟ್ರೋಲ್ ಪಂಪಿನದು. ಕೀ ಆನ್ ಆದ ಕೂಡಲೇ ಅದು ಪ್ರೆಶರ್ ತುಂಬಿಸಿ ನಿಲ್ಲುತ್ತದೆ, ಎಂಜಿನ್ ಓಡುವಾಗ ಮತ್ತೆ ಓಡುತ್ತಲೇ ಇರುತ್ತದೆ.

ಫ್ಯೂಸ್ ಒಂದೊಂದೇ ಕಿತ್ತು ನೋಡಿ. ಮೊದಲು ಫ್ಯೂಸ್ ಬಾಕ್ಸಿನ ಫೋಟೋ ತೆಗೆಯಿರಿ. ಏರ್‌ಬ್ಯಾಗ್ ಫ್ಯೂಸ್ ಮುಟ್ಟಬೇಡಿ.

ಎಸ್‌ಪಿ ರೋಡ್ ಸುತ್ತಾಟ (ಬೆಂಗಳೂರು)

ಫ್ಯೂಸ್ ಕೀಳುವುದಕ್ಕೂ ಮುಂಚೆ ಪುಟ್ಟ ಟ್ರಾನ್ಸಿಸ್ಟರ್ ರೇಡಿಯೋ ತಗೊಳ್ಳಿ. ಮೀಡಿಯಂ ವೇವ್‌ನಲ್ಲಿ 612 ಕಿಲೋಹರ್ಟ್ಸ್‌ನ ಬೆಂಗಳೂರು ಆಕಾಶವಾಣಿಯಿಂದ ದೂರ, ಏನೂ ಇಲ್ಲದ ಜಾಗಕ್ಕೆ ಟ್ಯೂನ್ ಮಾಡಿ. ಡ್ಯಾಶ್‌ಬೋರ್ಡ್, ಕಂಬಗಳು, ಟಾಪ್ ಬಟ್ಟೆ ಎಲ್ಲದರ ಪಕ್ಕ ನಿಧಾನಕ್ಕೆ ಓಡಿಸಿ. ಒಳಗಿನ ಫೆರೈಟ್ ಕಡ್ಡಿಯ ತುದಿ ವೈರಿನ ಕಡೆ ತಿರುಗಿದರೆ ಸದ್ದು ಬಿದ್ದುಹೋಗುತ್ತದೆ, ಅಡ್ಡ ಹಿಡಿದರೆ ಏರುತ್ತದೆ. ಹೀಗೆ ತಿರುಗಿಸುತ್ತಾ ಹೋದರೆ ಕಳ್ಳ ಯಾವ ಕಡೆ ಅಂತ ಗೊತ್ತಾಗುತ್ತದೆ. ಎಚ್‌ಎಫ್ ಸೆಟ್ಟಿಗೇ ಕೋಆಕ್ಸ್ (ಆಂಟೆನಾ ಕೇಬಲ್) ತುದಿಯಲ್ಲಿ ಮೂರು ನಾಲ್ಕು ಸುತ್ತಿನ ಅಂಗೈ ಅಗಲದ ವೈರ್ ಲೂಪ್ ಕಟ್ಟಿದರೂ ಆಗುತ್ತದೆ. ಆಗಲೂ ಪಿಟಿಟಿ ಬೇಡ.

ಘಾಟ್‌ರೋಡ್ (ಹಾಸನ)

ಸಿಕ್ಕಿತು! ಡ್ಯಾಶ್‌ಕ್ಯಾಮ್.

ಕ್ಯಾಮೆರಾ ಅಲ್ಲ, ಅದರ 12ರಿಂದ 5 ವೋಲ್ಟ್ ಮಾಡುವ ಪುಟ್ಟ ಡಬ್ಬಿ. ಎಡಗಡೆ ಕಂಬದ ಪ್ಲಾಸ್ಟಿಕ್ ಒಳಗೆ ಹುದುಗಿಸಿಟ್ಟಿದ್ದಾರೆ. ಟ್ರಾನ್ಸಿಸ್ಟರ್ ಅಲ್ಲಿಗೆ ಹೋದ ಕೂಡಲೇ ಕಿರುಚಿತು. ಪ್ಲಗ್ ಕಿತ್ತೆ, ಎಸ್‌7 ಇದ್ದದ್ದು ಎಸ್‌4ಕ್ಕೆ ಇಳಿಯಿತು.

ಒಂದು ವಿಚಿತ್ರ ಗಮನಿಸಿದೆ. ಬೆಳಿಗ್ಗೆ ಸದ್ದಿನ ದಿಬ್ಬ 7.050 ಮೆಗಾಹರ್ಟ್ಸ್ ಸುತ್ತ ಇತ್ತು. ಮಧ್ಯಾಹ್ನ ಬಿಸಿಲಲ್ಲಿ ನಿಂತ ಕಾರಿನಲ್ಲಿ 7.060ರ ಹತ್ತಿರ ಸರಿದಿತ್ತು. ಬ್ಯಾಂಡಿನ ಬೇರೆ ಕಡೆ ಅಷ್ಟು ಜೋರಿಲ್ಲ. ಇದು ಯಾಕೆ?

ಇಸಿಯು ಅಕ್ಕ (ಬೆಂಗಳೂರು)

ಆ ಡಬ್ಬಿ ಸ್ವಿಚಿಂಗ್ ಕನ್ವರ್ಟರ್. ಸೆಕೆಂಡಿಗೆ ಲಕ್ಷಾಂತರ ಸಲ ಕರೆಂಟನ್ನು ಕತ್ತರಿಸುತ್ತದೆ. 150 ಕಿಲೋಹರ್ಟ್ಸ್ ಅಂತಿಟ್ಟುಕೊಳ್ಳಿ. ಅದರ ಪ್ರತಿ ಮಡಿಯಲ್ಲೂ (ಎರಡು ಪಟ್ಟು, ಮೂರು ಪಟ್ಟು, ಹೀಗೆ) ಒಂದೊಂದು ದಿಬ್ಬ ಬರುತ್ತದೆ. 47ನೇ ಮಡಿ ಸರಿಯಾಗಿ 7050. ನಮ್ಮ ಬ್ಯಾಂಡ್ 7.0ರಿಂದ 7.2, ಅಂದರೆ 200 ಕಿಲೋಹರ್ಟ್ಸ್ ಅಗಲ. ಒಳಗೆ ಒಂದೋ ಎರಡೋ ದಿಬ್ಬ ಕಾಣುತ್ತವೆ. ಬಿಸಿಗೆ ಮೂಲ ಫ್ರೀಕ್ವೆನ್ಸಿ 0.2 ಕಿಲೋಹರ್ಟ್ಸ್ ಸರಿದರೂ 47 ಪಟ್ಟಾಗಿ 9, 10 ಕಿಲೋಹರ್ಟ್ಸ್ ಓಡಿಹೋಗುತ್ತದೆ. ಜಾಗ ಬಿಟ್ಟು ಓಡಾಡುವ ಸದ್ದು ಕಂಡರೆ ಇಂಥ ಚಾರ್ಜರ್ ಮೇಲೇ ಮೊದಲ ಅನುಮಾನ.

ಹೊರಗಿನಿಂದ ಹಾಕಿಸುವ ಎಲ್‌ಇಡಿ ಹೆಡ್‌ಲೈಟ್ ಬಲ್ಬುಗಳ ಡ್ರೈವರ್‌ನಲ್ಲೂ ಇದೇ ಕಥೆ. ಕಂಪನಿಯಿಂದ ಬರುವ ಗಾಡಿ ಎಐಎಸ್-004ರ ಇಎಂಸಿ ಪರೀಕ್ಷೆ (ರೇಡಿಯೋ ಗಲಾಟೆಯ ಪರೀಕ್ಷೆ) ದಾಟಿ ಬಂದಿರುತ್ತದೆ. ಆಮೇಲೆ ಅಂಗಡಿಯಲ್ಲಿ ಸಿಕ್ಕಿಸಿದ್ದಕ್ಕೆ ಯಾರ ಪರೀಕ್ಷೆಯೂ ಇಲ್ಲ.

ಎಸ್‌ಪಿ ರೋಡ್ ಸುತ್ತಾಟ (ಬೆಂಗಳೂರು)

ಆ ಡಬ್ಬಿ ಬಿಸಾಕಿ 7805 (5 ವೋಲ್ಟ್ ರೆಗ್ಯುಲೇಟರ್ ಐಸಿ) ಹಾಕಿ ಗುರು. ಲೀನಿಯರ್, ಸದ್ದೇ ಇಲ್ಲ. ಹತ್ತಿಪ್ಪತ್ತು ರೂಪಾಯಿ.

ಇಸಿಯು ಅಕ್ಕ (ಬೆಂಗಳೂರು)

ಸದ್ದಿಲ್ಲ, ಆದರೆ ಬಿಸಿ? ಎಂಜಿನ್ ಓಡುವಾಗ 14 ವೋಲ್ಟ್. ಅದರಲ್ಲಿ 9 ವೋಲ್ಟನ್ನು ಬರೀ ಶಾಖವಾಗಿ ಸುಡಬೇಕು. ಕ್ಯಾಮೆರಾ ಅರ್ಧ ಆಂಪ್ ಎಳೆದರೂ ನಾಲ್ಕೂವರೆ ವ್ಯಾಟ್. ಕಂಬದ ಪ್ಲಾಸ್ಟಿಕ್ ಒಳಗೆ, ಮೇ ತಿಂಗಳ ಬಿಸಿಲಲ್ಲಿ, ಹೀಟ್‌ಸಿಂಕ್ ಇಲ್ಲದೆ? ನಾನಂತೂ ಹಾಕುವುದಿಲ್ಲ. ಡ್ಯಾಶ್‌ಬೋರ್ಡ್ ಕೆಳಗೆ ಲೋಹದ ತಗಡಿಗೆ ಕೂರಿಸುವುದಾದರೆ ಸರಿ.

ಜೀರೋಬೀಟ್ (ಬೆಂಗಳೂರು)

ಮೊದಲು ಫೆರೈಟ್, ಅಂದರೆ ವೈರಿನಲ್ಲಿ ಓಡುವ ಸದ್ದನ್ನು ತಡೆಯುವ ಕೋರ್. 7 ಮೆಗಾಹರ್ಟ್ಸ್‌ಗೆ 31 ಮಿಕ್ಸ್ (ಫೆರೈಟಿನ ಬಗೆ) ಬೇಕು. 43 ಇನ್ನೂ ಮೇಲಿನ ಬ್ಯಾಂಡುಗಳಿಗೆ, 61 ಅದಕ್ಕೂ ಮೇಲೆ. ಕ್ಲಿಪ್ ಒಂದನ್ನು ವೈರಿಗೆ ಸಿಕ್ಕಿಸಿ, ಏನೂ ಆಗಲಿಲ್ಲ ಅನ್ನುವವರೇ ಜಾಸ್ತಿ. ಒಂದೇ ಸಲ ತೂರಿಸಿದರೆ ಎಚ್‌ಎಫ್‌ನಲ್ಲಿ ಏನೂ ಸಾಲದು. ಇಂಪೀಡೆನ್ಸ್ ಸುತ್ತಿನ ವರ್ಗದಂತೆ ಏರುತ್ತದೆ. ನಾಲ್ಕು ಸುತ್ತಿಗೆ ಸುಮಾರು 16 ಪಟ್ಟು. ಹಾಗಾಗಿ ದೊಡ್ಡ ತೂತಿನ ಕೋರ್ ತಗೊಂಡು ಐದಾರು ಸುತ್ತು ಹಾಕಿ. ಪ್ಲಸ್, ಮೈನಸ್ ಎರಡೂ ಒಟ್ಟಿಗೆ ಸುತ್ತಬೇಕು. ಒಂದೇ ವೈರ್ ತೂರಿಸಿದರೆ ಡಿಸಿ ಕರೆಂಟಿಗೆ ಕೋರ್ ಸ್ಯಾಚುರೇಟ್ ಆಗುತ್ತದೆ. ಡಬ್ಬಿಗೆ ಬರುವ 12 ವೋಲ್ಟ್ ಕಡೆಗೊಂದು, ಕ್ಯಾಮೆರಾಗೆ ಹೋಗುವ ಯುಎಸ್‌ಬಿ ಕಡೆಗೊಂದು. ಎರಡೂ ಡಬ್ಬಿಗೆ ಅಂಟಿದ ಹಾಗೇ ಇರಲಿ. ಯುಎಸ್‌ಬಿ ವೈರ್ ಗಾಜಿನ ಮೇಲ್ಭಾಗದ ಉದ್ದಕ್ಕೂ ಓಡುತ್ತದಲ್ಲ, ಅದೇ ಆಂಟೆನಾ ಆಗಿ ಕೂತಿರುತ್ತದೆ.

ಶಿರಾ ಲಾರಿ

ಮಧ್ಯೆ ಬಾಯಿ ಹಾಕುತ್ತಿದ್ದೇನೆ ಅಣ್ಣಂದಿರೇ. ನನ್ನದು 24 ವೋಲ್ಟ್ ಗಾಡಿ, ಸೆಟ್ 13.8ರದ್ದು. ಎರಡು ಬ್ಯಾಟರಿಯಲ್ಲಿ ಒಂದರಿಂದ 12 ತಗೊಂಡರೆ ಆಗುತ್ತದಾ? ಕನ್ವರ್ಟರ್ ಹಾಕಿದರೆ ಸದ್ದು ಅಂತಾರೆ.

ವೈರ್‌ಲೆಸ್ ಶಾಪ್ (ಮೈಸೂರು)

ಒಂದರಿಂದ ತಗೋಬೇಡಿ. ಆ ಬ್ಯಾಟರಿ ಸದಾ ಅರೆಹೊಟ್ಟೆ, ಇನ್ನೊಂದು ಓವರ್‌ಚಾರ್ಜ್. ಕೊನೆಗೆ ಎರಡೂ ಹೋಗುತ್ತವೆ. ಕನ್ವರ್ಟರೇ ಹಾಕಿ. ವಾಕಿಟಾಕಿ ಮಾರುವವರ ಹತ್ತಿರ ರೇಡಿಯೋಗೆ ಅಂತಲೇ ಲೋಹದ ಕವಚದ್ದು ಸಿಗುತ್ತದೆ. ಆಂಟೆನಾ ಕೇಬಲ್ಲಿನಿಂದ ದೂರ ಕೂರಿಸಿ, ಕವಚವನ್ನು ಬಾಡಿಗೆ ಅರ್ಥ್ ಮಾಡಿ, ಎರಡೂ ಕಡೆ ಫೆರೈಟ್ ಸುತ್ತಿ. ನಿಮ್ಮದು ವಿಎಚ್‌ಎಫ್ ಎಫ್‌ಎಂ ಸೆಟ್ ಆದರೆ ಅಷ್ಟು ಕಾಟ ಆಗುವುದಿಲ್ಲ. ಎಫ್‌ಎಂ ಸೆಟ್ಟಿನ ಲಿಮಿಟರ್ ಏರಿಳಿತದ ಸದ್ದನ್ನು ಕತ್ತರಿಸಿ ಬಿಡುತ್ತದೆ. ಎಚ್‌ಎಫ್‌ನಲ್ಲಿ ಎಸ್‌ಎಸ್‌ಬಿ (ಸಿಂಗಲ್ ಸೈಡ್‌ಬ್ಯಾಂಡ್) ಬಳಸುವವರಿಗೆ ಆ ಭಾಗ್ಯ ಇಲ್ಲ.

ಗುಡ್ಡದ ಗಾಳಿ (ಧಾರವಾಡ)

ನಾಯ್ಸ್ ಬ್ಲಾಂಕರ್ ಒತ್ತಿದರೆ ಆಗಲ್ವಾ ಸರ್? ನನ್ನ ಜೀಪಿನ ಟಿಕ್ ಟಿಕ್ ಅದರಲ್ಲೇ ಹೋಗುತ್ತದೆ.

ಜೀರೋಬೀಟ್ (ಬೆಂಗಳೂರು)

ನಿಮ್ಮದು ಸ್ಪಾರ್ಕಿನ ಟಿಕ್ ಟಿಕ್. ಚೂಪಾದ ಪಲ್ಸು, ಮಧ್ಯೆ ಖಾಲಿ ಜಾಗ. ಬ್ಲಾಂಕರ್ ಆ ಪಲ್ಸ್ ಬಂದಾಗ ಮಾತ್ರ ಬಾಗಿಲು ಮುಚ್ಚುತ್ತದೆ. ಚಾರ್ಜರಿನ ಸದ್ದು ಬಿಡುವೇ ಕೊಡುವುದಿಲ್ಲ, ಅದಕ್ಕೆ ಬ್ಲಾಂಕರ್ ಏನು ಮಾಡೀತು? ಪಕ್ಕದಲ್ಲಿ ಜೋರಾದ ಸ್ಟೇಷನ್ ಇದ್ದರೆ ಬ್ಲಾಂಕರ್ ಅದನ್ನೇ ಚಿಂದಿ ಮಾಡುತ್ತದೆ. ಬೇರೆ ದಾರಿ ಇಲ್ಲದಾಗ ಬಳಸಿ. ನಿಮ್ಮ ಜೀಪಿನ ಪ್ಲಗ್ ನಂಬರ್ ನೋಡಿ. ಎನ್‌ಜಿಕೆ ಆದರೆ ‘ಬಿಪಿಆರ್6ಇಎಸ್’ನಲ್ಲಿ ಇರುವ ಹಾಗೆ ‘ಆರ್’ ಇದ್ದರೆ ಒಳಗೆ ಸುಮಾರು 5 ಕಿಲೋಓಮ್ ರೆಸಿಸ್ಟರ್ ಇದೆ. ಆರ್ ಇಲ್ಲದಿದ್ದರೆ ಅದೇ ಹೀಟ್ ರೇಂಜಿನ ಆರ್ ಇರುವ ಪ್ಲಗ್ ಹಾಕಿ. ಟಿಕ್ ಟಿಕ್ ಹುಟ್ಟುವ ಜಾಗದಲ್ಲೇ ಕಡಿಮೆ ಆಗುತ್ತದೆ.

ಘಾಟ್‌ರೋಡ್ (ಹಾಸನ)

ಫೆರೈಟ್ ಎರಡೂ ಕಡೆ ಹಾಕಿದೆ. ಡ್ಯಾಶ್‌ಕ್ಯಾಮ್ ಓಡುತ್ತಿದ್ದರೂ ಎಸಿಸಿಯಲ್ಲಿ ಎಸ್‌4 ಒಳಗೇ ಇದೆ. ಎಂಜಿನ್ ಓಡಿದಾಗ ಎಸ್‌5, ಎಸ್‌6. ಈಗ ಉಳಿದದ್ದರಲ್ಲಿ ಪಂಪಿನ ಗುಂಯ್ ಸ್ಪಷ್ಟವಾಗಿ ಕೇಳುತ್ತದೆ. ಮೊದಲು ಇದು ಮುಚ್ಚಿಹೋಗಿತ್ತು.

ಸಕಲೇಶಪುರ ರಸ್ತೆಯಲ್ಲಿ ಕೆಲವು ಕಡೆ ಎಂಜಿನ್ ನಿಲ್ಲಿಸಿದರೂ ಗರ್ರ್ ಅಂತ ಎಸ್‌9. ಸ್ವಲ್ಪ ಮುಂದೆ ಹೋದರೆ ಇಲ್ಲ.

ಜೀರೋಬೀಟ್ (ಬೆಂಗಳೂರು)

ಅದು ಗಾಡಿಯದಲ್ಲ, ರಸ್ತೆ ಪಕ್ಕದ 11 ಕೆವಿ ಲೈನಿನದು. ಸಡಿಲ ಬೋಲ್ಟ್, ಬಿರುಕು ಬಿಟ್ಟ ಇನ್ಸುಲೇಟರ್ ಕಿಡಿ ಹಾರಿಸುತ್ತವೆ. ಸೆಕೆಂಡಿಗೆ 100 ಸಲದ ಗರ್ರ್. ಮಳೆ ಬಂದಾಗ ಎಷ್ಟೋ ಸಲ ತಾನೇ ನಿಲ್ಲುತ್ತದೆ. ಕಂಬದ ನಂಬರ್ ಬರೆದುಕೊಂಡು ಲೈನ್‌ಮನ್‌ಗೆ ಹೇಳಿ.

ವೈರ್‌ಲೆಸ್ ಶಾಪ್ (ಮೈಸೂರು)

ಪಂಪ್ ಟ್ಯಾಂಕಿನ ಒಳಗೆ ಇರುತ್ತದೆ. ಸುಮಾರು ಗಾಡಿಗಳಲ್ಲಿ ಹಿಂದಿನ ಸೀಟ್ ಎತ್ತಿದರೆ ಮುಚ್ಚಳ, ಅದರ ಕೆಳಗೆ ಪಂಪಿನ ಕನೆಕ್ಟರ್. ಆ ಕನೆಕ್ಟರಿಗೆ ಬರುವ ವೈರ್ ಗುಂಪಿಗೆ, ಹೊರಗಡೆಯೇ, ಫೆರೈಟ್ ಸುತ್ತಿ. ಟ್ಯಾಂಕಿನ ಮುಚ್ಚಳ ಬಿಚ್ಚುವುದು, ಅಲ್ಲಿ ಬೆಸುಗೆ ಹಾಕುವುದು ಖಂಡಿತ ಬೇಡ. ಪೆಟ್ರೋಲ್ ಆವಿ ಇರುತ್ತದೆ.

ನಿಮ್ಮ ವಿಪ್ ಡಿಕ್ಕಿ ಬಾಗಿಲ ಮೇಲಿದೆ ಅಲ್ವಾ? ಡಿಕ್ಕಿಗೂ ಬಾಡಿಗೂ ಸಂಪರ್ಕ ಬರೀ ಕೀಲಿನಿಂದ. ಅದರಲ್ಲಿ ಗ್ರೀಸು, ಪೇಂಟು. ಆರ್‌ಎಫ್‌ಗೆ (ರೇಡಿಯೋ ಫ್ರೀಕ್ವೆನ್ಸಿಯ ಕರೆಂಟಿಗೆ) ಅದು ಸಂಪರ್ಕವೇ ಅಲ್ಲ. ಚಪ್ಪಟೆ ತಾಮ್ರದ ಬ್ರೇಡ್ ಹಾಕಿ ಡಿಕ್ಕಿ, ಬಾನೆಟ್ ಎರಡನ್ನೂ ಬಾಡಿಗೆ ಸೇರಿಸಿ. ಸೈಲೆನ್ಸರ್ ಪೈಪೂ ರಬ್ಬರಿನಲ್ಲಿ ನೇತಾಡುತ್ತಿರುತ್ತದೆ. ಎಂಜಿನ್ನಿನ ಸದ್ದನ್ನೆಲ್ಲಾ ಹಿಂದಕ್ಕೆ, ಸರಿಯಾಗಿ ನಿಮ್ಮ ಆಂಟೆನಾ ಬುಡಕ್ಕೆ, ತಂದು ಸುರಿಯುತ್ತದೆ. ಅದನ್ನೂ ಒಂದೆರಡು ಕಡೆ ಬಾಡಿಗೆ ಸೇರಿಸಿ, ಆದರೆ ಅಲ್ಲಿ ಶಾಖ ಜಾಸ್ತಿ. ಬೆಸುಗೆ ನಿಲ್ಲುವುದಿಲ್ಲ, ಲೋಹದ ಕ್ಲಾಂಪ್ ಹಾಕಬೇಕು.

ಘಾಟ್‌ರೋಡ್ (ಹಾಸನ)

ಬ್ರೇಡ್ ಎಲ್ಲಿ ಸಿಗುತ್ತದೆ? ಎಷ್ಟು ಉದ್ದ ಬಿಡಬೇಕು? ಡಿಕ್ಕಿ ತೆರೆದು ಮುಚ್ಚುವಾಗ ತುಂಡಾಗಲ್ವಾ?

ಎಸ್‌ಪಿ ರೋಡ್ ಸುತ್ತಾಟ (ಬೆಂಗಳೂರು)

ಬೆಂಗಳೂರಿಗೆ ಬಂದರೆ ಎಸ್‌.ಪಿ. ರೋಡಿನಲ್ಲಿ ಕೇಳಿ. ಇಲ್ಲದಿದ್ದರೆ ಹಳೇ ಆರ್‌ಜಿ-213 ಆಂಟೆನಾ ಕೇಬಲ್ಲಿನ ಹೊರಗಿನ ಜಾಲರಿ ಕಳಚಿ ಚಪ್ಪಟೆ ಮಾಡಿ. ಅದೇ ಬ್ರೇಡ್.

ವೈರ್‌ಲೆಸ್ ಶಾಪ್ (ಮೈಸೂರು)

ಕೀಲಿನ ಪಕ್ಕದಲ್ಲೇ ಹಾಕಿ, ಅಲ್ಲಿ ಬಾಗಿಲು ಓಡಾಡುವುದು ಕಡಿಮೆ. ಡಿಕ್ಕಿ ಪೂರ್ತಿ ತೆರೆದು, ಬ್ರೇಡ್ ಬಿಗಿಯಾಗದಷ್ಟು ಮಾತ್ರ ಉದ್ದ ಬಿಡಿ. ಅದಕ್ಕಿಂತ ಉದ್ದ ಬಿಟ್ಟರೆ ಪ್ರಯೋಜನ ಕಡಿಮೆ ಆಗುತ್ತದೆ. ಎರಡೂ ಕೀಲಿಗೆ ಒಂದೊಂದು. ತುದಿಗೆ ಲಗ್ ಕ್ರಿಂಪ್ ಮಾಡಿ, ಪೇಂಟ್ ತಿಕ್ಕಿ, ಸ್ಟಾರ್ ವಾಶರ್ ಹಾಕಿ ಬಿಗಿ ಮಾಡಿ. ಆಮೇಲೆ ಮೇಲೊಂದು ಕೋಟ್ ಪೇಂಟೋ ಗ್ರೀಸೋ ಬಳಿಯಿರಿ. ನಿಮ್ಮ ಕಡೆಯ ಮಳೆಗೆ ಬರಿ ಲೋಹ ಬಿಟ್ಟರೆ ಒಂದೇ ಮುಂಗಾರಿಗೆ ತುಕ್ಕು.